ಗುರುವಪ್ಪಣ್ಣನ ಎರಡನೇ ಈಡು

ಜಿಂಕೆ ಬೇಲಿಯ ಮೂಲೆಯಲ್ಲಿ ಬಿದ್ದಿತ್ತು. ಮೊದಲು ನೋಡಿದ್ದು ಅಡುಗೆಯ ಎಡ್ಮಂಡ್. ಹಿಂದಿನ ದಿನದ ಖುಬ್ಬೂಸ್ ರೊಟ್ಟಿಯ ಚೂರು ಹಾಕಲು ಬಂದಿದ್ದ. ಮಂಜು ಇನ್ನೂ ಕರಗಿರಲಿಲ್ಲ. ಮಲಗಿದೆ ಎಂದುಕೊಂಡು ಹೆಸರು ಹಿಡಿದು ಕರೆದ. ಅದು ಏಳಲಿಲ್ಲ. ಹತ್ತಿರ ಹೋದಾಗ ಹಿಂತೊಡೆಯಲ್ಲಿ ರಕ್ತ ಕಂಡಿತು. ಕಾಲೆಳೆದುಕೊಂಡು ಬಂದ ಗೆರೆ ಮರಳಿನುದ್ದಕ್ಕೂ ಇತ್ತು.

ಕೊಲ್ಲಿಯ ದ್ವೀಪದೇಶವೊಂದರ ಬುದಯ್ಯ ಎಂಬ ಊರಿನ ಹತ್ತಿರದ ಆ ತೋಟ ಅಬು ಖಾಲಿದ್ ಎಂಬ ವ್ಯಾಪಾರಿಯದು. ಖರ್ಜೂರದ ಮರಗಳು, ಅತಿಥಿಗಳು ಕೂರುವ ಒಂದು ಮಜ್ಲಿಸ್, ಬೇಲಿಯೊಳಗೆ ಒಂದಿಷ್ಟು ಜಿಂಕೆ. ಸತ್ತದ್ದು ಗಝಾಲ್ ಎಂಬ ಹೆಸರಿನ, ಯಜಮಾನರ ಮುದ್ದಿನ ಜಿಂಕೆ. ತಾಯಿಯಿಲ್ಲದ ಆ ಮರಿಗೆ ಬಾಟಲಿ ಹಾಲು ಕುಡಿಸಿ ಬೆಳೆಸಿದವನು ಜಿಂಕೆಗಳ ಉಸ್ತುವಾರಿ ಗುರುವಪ್ಪ.

ಮಧ್ಯಾಹ್ನದೊಳಗೆ ಪೊಲೀಸರು ಹಿಡಿದು ಕೂರಿಸಿದ್ದು ಅದೇ ಗುರುವಪ್ಪನನ್ನು.

ಕಾರಣ ಇತ್ತು. ಮಜ್ಲಿಸ್‌ನ ಗೋಡೆಯಲ್ಲಿ ಒಂದು ಹಳೆಯ ಕೇಪಿನ ಕೋವಿ ತೂಗುತ್ತಿತ್ತು, ಕೆಳಗಿನ ಪೆಟ್ಟಿಗೆಯಲ್ಲಿ ಅದರ ಮದ್ದು, ಗುಂಡು. ಈಗಿನ ಕೋವಿಗಳ ಹಾಗೆ ತೋಟಾ ಹಾಕಿ ಹೊಡೆಯುವಂಥದ್ದಲ್ಲ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ನಾರು ತುರುಕಬೇಕು, ಗುಂಡು ಇಳಿಸಬೇಕು, ಗಜ ಎಂಬ ಸರಳಿನಿಂದ ಜಡಿಯಬೇಕು, ಹಿಂದೆ ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಇಡಬೇಕು. ಆಗ ಒಂದು ಈಡು. ಇನ್ನೊಂದು ಬೇಕೆಂದರೆ ಮತ್ತೆ ಮೊದಲಿನಿಂದ ಶುರು. ಇಡೀ ತೋಟದಲ್ಲಿ ಆ ವಿದ್ಯೆ ಬಲ್ಲವನು ಗುರುವಪ್ಪ ಒಬ್ಬನೇ. ಈದ್ ದಿನ ಯಜಮಾನರ ಅಂಗಳದಲ್ಲಿ ಗುಂಡಿಲ್ಲದ ಸಲಾಮಿ ಈಡು ಹಾರಿಸುತ್ತಿದ್ದುದೂ ಅವನೇ.

ಅವತ್ತು ಕೋವಿ ಗೋಡೆಯಲ್ಲೇ ಇತ್ತು. ಆದರೆ ನಳಿಗೆಯಲ್ಲಿ ಹೊಸ ಮಸಿ. ಎಡ್ಮಂಡ್ ಬೆಳಿಗ್ಗೆ ಅಡುಗೆಮನೆಯಲ್ಲಿ ನೀರುದೋಸೆ ಹೊಯ್ಯುವಾಗ ಎರಡು ಸದ್ದು ಕೇಳಿದ್ದ. ನಡುವೆ ಹೆಚ್ಚೆಂದರೆ ಒಂದು ದೋಸೆ ಬೇಯುವಷ್ಟು ಹೊತ್ತು. ಅಷ್ಟು ಬೇಗ ಮತ್ತೆ ಈಡು ತುಂಬುವವರು ಯಾರು? ಗುರುವಪ್ಪನೇ ಪ್ರತಿ ಶುಕ್ರವಾರ ಎದೆ ತಟ್ಟಿ ಹೇಳುತ್ತಿದ್ದನಲ್ಲ, ‘ಮೊದಲನೇ ಈಡಿನ ಹೊಗೆ ಆರುವ ಮೊದಲು ನನ್ನ ಎರಡನೇ ಈಡು ತಯಾರು’ ಎಂದು.

ಅವನ ಬಾಯಿಯೇ ಅವನ ವಿರುದ್ಧ ಸಾಕ್ಷಿಯಾಗಿ ನಿಂತಿತ್ತು.

*

ಕಾಂತಾ ಟೀಚರ್ ಗಂಡ ಜಯದೇವನೊಂದಿಗೆ ಮಾಹೂಝ್‌ನಿಂದ ಬಂದು ಇಳಿದಾಗ ಗೇಟಿನಲ್ಲಿ ಪೊಲೀಸ್ ಜೀಪು ನಿಂತಿತ್ತು. ಶುಕ್ರವಾರ ಕನ್ನಡದವರು ತೋಟದ ಹಿಂದಿನ ಚಪ್ಪರದಲ್ಲಿ ಸೇರುವ ವಾಡಿಕೆ. ಸಲ್ಮಾಬಾದ್‌ನಿಂದ, ಸಿತ್ರಾದಿಂದ ಹುಡುಗರು ಬರುತ್ತಿದ್ದರು. ಊಟ, ಆಮೇಲೆ ಗುರುವಪ್ಪನ ಬೇಟೆಯ ಕಥೆ. ಬೇಟೆಗೆ ನಿಷೇಧ ಬರುವ ಮೊದಲು, ಸುಬ್ರಹ್ಮಣ್ಯದ ಕಾಡಿನಲ್ಲಿ ಸೋದರಮಾವನ ಹಿಂದೆ ಅಲೆದ ಕಾಲದ ಕಥೆ. ಮೀಸೆ ತಿರುವಿ, ಒಲೆಯ ಊದುಕೊಳವೆಯನ್ನೇ ಕೋವಿ ಮಾಡಿಕೊಂಡು ಅವನು ಈಡು ತುಂಬುವ ಚಂದಕ್ಕೆ ಮಕ್ಕಳು ಕಂಪ್ಯೂಟರ್ ಆಟ ಬಿಟ್ಟು ಬಂದು ಕೂರುತ್ತಿದ್ದರು. ಜಂಬದ ಮನುಷ್ಯ, ಒಪ್ಪೋಣ. ಆದರೆ ಅಂಥ ಕಥೆಗಾರ ಆ ದ್ವೀಪದಲ್ಲಿ ಇನ್ನೊಬ್ಬನಿರಲಿಲ್ಲ.

ಟೀಚರ್ ಬಗ್ಗೆಯೂ ಹೇಳಲೇಬೇಕು. ಹುಣಸೂರಿನ ಹೆಣ್ಣುಮಗಳು, ಶಾಲೆಯಲ್ಲಿ ಕೆಮಿಸ್ಟ್ರಿ ಕಲಿಸುವವರು. ಲ್ಯಾಬಿನಲ್ಲಿ ಬಹಳ ವರ್ಷ ನಿಂತ ಕಣ್ಣು. ಮಕ್ಕಳು ಏನು ಮಾಡಿದರು ಅನ್ನುವುದು ಎಲ್ಲರಿಗೂ ಕಾಣುತ್ತದೆ, ಏನು ಮಾಡದೆ ಬಿಟ್ಟರು ಅನ್ನುವುದು ಅವರಿಗೆ ಮೊದಲು ಕಾಣುತ್ತಿತ್ತು. ಜೋರುಮಾತಿಲ್ಲ, ಗಡಿಬಿಡಿಯಿಲ್ಲ. ಇಂಥವರನ್ನು ಮೆಚ್ಚದೆ ಇರುವುದು ಕಷ್ಟ.

ಮ್ಯಾನೇಜರ್ ಹರಿನಾಥ ಅವರನ್ನು ಎದುರುಗೊಂಡ. ಉಡುಪಿ ಕಡೆಯವನು, ಸೌಮ್ಯ ಸ್ವಭಾವ. ಪೊಲೀಸರಿಗೆ ಫೋನು ಮಾಡಿದ್ದು ತಾನೇ, ಬೇರೆ ದಾರಿಯಿರಲಿಲ್ಲ ಎಂದ. ಯಜಮಾನರು ಸಂಜೆ ದುಬೈಯಿಂದ ಬರುತ್ತಾರೆ, ಬಂದ ಮೇಲೆ ಗುರುವಪ್ಪಣ್ಣನಿಗೆ ಜೈಲು, ಆಮೇಲೆ ಊರಿನ ದಾರಿ ಎಂದು ಬೇಸರಪಟ್ಟ. ಇಷ್ಟು ವರ್ಷದ ದುಡಿಮೆ, ಮರ್ಯಾದೆ ಎಲ್ಲ ಒಂದು ಸಂಜೆಯಲ್ಲಿ ಹೋಗುವುದಿತ್ತು.

ಗುರುವಪ್ಪ ಕಾವಲುಗಾರರ ಕೋಣೆಯಲ್ಲಿ ಕೂತಿದ್ದ. ಕಣ್ಣು ಕೆಂಪಗಾಗಿತ್ತು. ಆ ಹೊತ್ತಿನಲ್ಲಿ ಎಲ್ಲಿದ್ದಿರಿ ಎಂದು ಟೀಚರ್ ಕೇಳಿದರು. ಹಿಂದಿನ ಶೆಡ್ಡಿನಲ್ಲಿ ಮೇವು ಕಲಸುತ್ತಿದ್ದ, ನೀರಿನ ಮೋಟರಿನ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ, ನೋಡಿದವರೂ ಯಾರಿಲ್ಲ.

“ಪೊಲೀಸರಿಗೆ ಏನು ಹೇಳಿದಿರಿ?”

“ನಾನು ಹೊಡೆದಿದ್ದರೆ ಒಂದೇ ಈಡಿಗೆ ಬೀಳ್ತಿತ್ತು ಅಂದೆ, ಟೀಚರ್.”

ಟೀಚರ್ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

*

ಸಾರ್ಜೆಂಟ್ ನಾಸಿರ್ ಉರ್ದು ಬಲ್ಲವನು. ಟೀಚರ್ ತಮ್ಮ ಮೈಸೂರು ಹಿಂದಿಯಲ್ಲೇ ಅವನನ್ನು ಒಪ್ಪಿಸಿದರು, ಜಾಗ ನೋಡಿಬರಲು ಮಾತ್ರ.

ಬೇಲಿಯ ಈಚೆ ಖರ್ಜೂರದ ಮರದ ಬುಡದಲ್ಲಿ ಹೊಡೆದವನು ನಿಂತಿದ್ದ. ಮರಳು ಕೆದರಿತ್ತು. ಟೀಚರ್ ಸೀರೆ ಎತ್ತಿ ಕಟ್ಟಿ ಮಂಡಿಯೂರಿದರು. ಬೆರಳಿನಿಂದ ಮೆಲ್ಲಗೆ ಮರಳು ಸರಿಸಿದರು. ಮದ್ದಿನ ಕರಿಕಾಳು ಸಿಕ್ಕಿತು. ಒಂದು ಹಿಡಿ ತೆಂಗಿನನಾರು ಸಿಕ್ಕಿತು, ಸುಟ್ಟಿರಲಿಲ್ಲ. ಅದರ ಪಕ್ಕದಲ್ಲೇ ಒಂದು ಸೀಸದ ಗುಂಡು.

“ಎರಡನೇ ಗುಂಡು ನಳಿಗೆಗೆ ಇಳಿಯಲೇ ಇಲ್ಲ ಸಾರ್ಜೆಂಟ್. ಇಲ್ಲೇ ಬಿದ್ದಿದೆ.”

ನಾಸಿರ್ ಹುಬ್ಬು ಗಂಟಿಕ್ಕಿದ. ಹಾಗಾದರೆ ಎರಡನೇ ಸದ್ದು ಯಾವುದು?

ಟೀಚರ್ ಎಡ್ಮಂಡ್‌ನನ್ನು ಕರೆಸಿ ಎರಡೂ ಸದ್ದು ಒಂದೇ ಥರ ಇತ್ತಾ ಎಂದು ಕೇಳಿದರು. ಅವನು ಯೋಚಿಸಿದ. ಮೊದಲನೆಯದು ಢಂ ಎಂದಿತ್ತು. ಎರಡನೆಯದು ಅಷ್ಟಿಲ್ಲ, ಬುಸ್ಸೆಂದು ಹೊತ್ತಿದ ಹಾಗೆ.

“ಮೊದಲ ಈಡಿನ ಕಿಡಿ ನಳಿಗೆಯೊಳಗೆ ಉಳಿದಿತ್ತು. ಅವನು ಅವಸರದಲ್ಲಿ ಹೊಸ ಮದ್ದು ಸುರಿದ. ಅದು ಸುರಿಯುತ್ತಿದ್ದ ಹಾಗೇ ಹೊತ್ತಿಕೊಂಡಿತು. ಎರಡನೇ ಈಡು ಆಗಲೇ ಇಲ್ಲ. ಆದರೆ ಹೊಡೆದವನ ಕೈ ಸುಟ್ಟಿರಬೇಕು.”

ನಾಸಿರ್ ಸರಕ್ಕನೆ ತಿರುಗಿದ. ಎಡ್ಮಂಡ್‌ನ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಪಾಪ, ಎಡ್ಮಂಡ್ ಬೆವತು ನೀರಾದ.

ಟೀಚರ್ ಬಟ್ಟೆ ಬಿಚ್ಚಿಸಿ ನೋಡಿದರು. ಬೆರಳತುದಿಯಲ್ಲಿ ಬಿಳಿ ಗುಳ್ಳೆ, ಕಾವಲಿ ತಾಗಿದ್ದು. ಮದ್ದಿನ ಬೆಂಕಿಯಾಗಿದ್ದರೆ ಚರ್ಮದೊಳಗೆ ಕರಿಚುಕ್ಕೆ ಕೂರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ ಎಂದರು. ಗುರುವಪ್ಪನ ಕೈ ಆಗಲೇ ನೋಡಿದ್ದರು. ಅದರಲ್ಲಿ ಮೇವಿನ ಹಸಿರು ಬಿಟ್ಟರೆ ಏನೂ ಇರಲಿಲ್ಲ.

ಉಳಿದವನು ಯಜಮಾನರ ಅಣ್ಣನ ಮಗ ಫೈಸಲ್. ಗಿಡುಗ ಸಾಕಿ ಬೇಟೆಯಾಡುವ ಹುಡುಗ, ಹಿಂದಿನ ದಿನ ತೋಟದಲ್ಲೇ ತಂಗಿದ್ದ. ನಾಸಿರ್‌ಗೆ ಅವನ ಮೇಲೆ ಅನುಮಾನ ಬಂತು. ಟೀಚರ್ ಅಲ್ಲವೆಂದು ತಲೆಯಾಡಿಸಿದರು.

“ಫೈಸಲ್ ಪ್ರತಿ ಈದ್‌ಗೂ ಗುರುವಪ್ಪನ ಪಕ್ಕದಲ್ಲೇ ನಿಂತಿರುತ್ತಾನೆ. ಕಣ್ಣಿಂದ ನೋಡಿದವನು ಕಿಡಿ ಆರಿಸದೆ ಮದ್ದು ಸುರಿಯುವ ತಪ್ಪು ಮಾಡುವುದಿಲ್ಲ. ಇದು ಕಿವಿಯಿಂದ ಕಲಿತವನ ಕೆಲಸ. ಊಟದ ಹೊತ್ತಾಯಿತು, ನಡೆಯಿರಿ.”

*

ಊಟ ಯಾರಿಗೂ ಬೇಕಿರಲಿಲ್ಲ. ಆದರೂ ದೂರದಿಂದ ಬಂದ ಹುಡುಗರು ಹಸಿದಿದ್ದರು. ಎಡ್ಮಂಡ್ ಕುಚ್ಚಲಕ್ಕಿ ಅನ್ನ, ಹುಳಿಯಾದ ಮೀನುಸಾರು, ಟೀಚರ್‌ಗೆಂದು ಬೇರೆ ತೊವ್ವೆ ಇಟ್ಟುಹೋದ. ಶುಕ್ರವಾರ ರಜೆಯಾದ್ದರಿಂದ ಇಲ್ಲಿ ಅದೇ ಇಗರ್ಜಿಯ, ಎಂದರೆ ಚರ್ಚಿನ ದಿನ. ಬಡಿಸಿಟ್ಟು ಪೂಜೆಗೆ ಹೊರಡುವುದು ಅವನ ಕ್ರಮ. ಗುರುವಪ್ಪನ ಒಂದು ಕಥೆಯನ್ನೂ ಅವನು ಪೂರ್ತಿ ಕೇಳಿದವನಲ್ಲ.

ಹರಿನಾಥ ಎಲ್ಲರನ್ನೂ ಒತ್ತಾಯಿಸಿ ಕೂರಿಸಿದ. ತಾನೂ ಕೂತ. ಚಮಚ ತರಿಸಿಕೊಂಡ.

ಟೀಚರ್ ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು. ಎರಡು ವಾರದ ಹಿಂದೆ ಇದೇ ಚಪ್ಪರದಲ್ಲಿ ಲತೇಶ್ ಎಂಬ ಹುಡುಗ ಚಮಚ ಕೇಳಿದ್ದಕ್ಕೆ ಹರಿನಾಥ ಅವನನ್ನು ಗೋಳುಹೊಯ್ದುಕೊಂಡಿದ್ದ, ಮೀನುಸಾರಿಗೆ ಚಮಚ ಹಾಕುವವನಿಗೆ ಊರಲ್ಲಿ ಹೆಣ್ಣು ಕೊಡುವುದಿಲ್ಲ ಮಾರಾಯ ಎಂದು. ಈಗ ಅದೇ ಹರಿನಾಥ ಬೆರಳತುದಿಯಲ್ಲಿ ಚಮಚ ಹಿಡಿದು, ಅಂಗೈ ಮುಚ್ಚಿಕೊಂಡು ಉಣ್ಣುತ್ತಿದ್ದ. ಸುಟ್ಟ ಕೈಗೆ ಹುಣಸೆಹುಳಿ ತಾಗಿದರೆ ಜೀವ ಹೋಗುತ್ತದೆ.

ಟೀಚರ್ ಕೈತೊಳೆದು ಬಂದು, ಎಲ್ಲರನ್ನೂ ಮಜ್ಲಿಸ್‌ಗೆ ಕರೆಯಿರಿ ಎಂದು ಸಾರ್ಜೆಂಟ್‌ಗೆ ಹೇಳಿದರು.

*

ಗುರುವಪ್ಪನನ್ನು ನಡುವೆ ನಿಲ್ಲಿಸಿದರು. ಟೀಚರ್ ಮೊದಲು ಅವನಿಂದ ಕಥೆ ಕೇಳಿದರು, ಎರಡನೇ ಈಡು ತುಂಬುವ ಭಾಗ ಮಾತ್ರ.

ಇಂಥ ಗಳಿಗೆಯಲ್ಲೂ ಕಥೆ ಎಂದೊಡನೆ ಅವನ ಬೆನ್ನು ನೆಟ್ಟಗಾಯಿತು. “ಈಡು ಬಿತ್ತು. ಹೊಗೆ ಮುಚ್ಚಿತು. ಜಿಂಕೆ ಬಿತ್ತಾ, ಓಡಿತಾ ಗೊತ್ತಿಲ್ಲ. ನಿಂತ ಜಾಗ ಬಿಡಬಾರದು. ಅಂಗೈಯ ಗುಂಡಿ ತುಂಬ ಮದ್ದು. ನಳಿಗೆಗೆ ಸುರಿ. ನಾರು ತುರುಕು. ಗಜದಲ್ಲಿ ಜಡಿ. ಗುಂಡು ಬಿಡು, ಮತ್ತೆ ನಾರು, ಮತ್ತೆ ಜಡಿ. ಕೇಪು ಇಡು. ಹೊಗೆ ಆರಿತು, ಎರಡನೇ ಈಡು ತಯಾರು!”

“ಈಗ ಕೈಯಲ್ಲಿ ಮಾಡಿ ತೋರಿಸಿ. ಮದ್ದು ಬೇಡ.”

ನಾಸಿರ್ ಕೋವಿ ಕೊಟ್ಟ. ಗುರುವಪ್ಪ ಅದನ್ನು ಹಿಡಿದ ರೀತಿಯೇ ನೋಡುವಂತಿತ್ತು. ಅವನು ಸುತ್ತ ನೋಡಿದ, ಮೇಜಿನ ಮೇಲಿದ್ದ ನೀರಿನಲ್ಲಿ ಒಂದು ಬಟ್ಟೆಚೂರು ಅದ್ದಿದ, ಗಜದ ತುದಿಗೆ ಸುತ್ತಿ ನಳಿಗೆಯ ತಳದವರೆಗೆ ಇಳಿಸಿ ತೆಗೆದ. ಆಮೇಲೆ ಒಣಬಟ್ಟೆ. ಆಮೇಲೆ ಸಣ್ಣ ಕೊಂಬಿನ ಅಳತೆಯಿಂದ ಮದ್ದು ಸುರಿದಂತೆ ಮಾಡಿದ. ನಾರು, ಗಜ, ಗುಂಡು, ಕೇಪು. ಒಂದು ಚಲನೆಯೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ. ಪೊಲೀಸರು ಕೂಡ ಉಸಿರು ಬಿಗಿಹಿಡಿದು ನೋಡಿದರು.

“ಕಥೆಯಲ್ಲಿ ಒದ್ದೆಬಟ್ಟೆ ಇರಲಿಲ್ಲವಲ್ಲ ಗುರುವಪ್ಪಣ್ಣ,” ಎಂದರು ಟೀಚರ್. “ಈದ್ ದಿನ ನಿಮ್ಮ ಕೈಯಲ್ಲಿ ನೋಡಿದ್ದೆ. ಕಥೆಯಲ್ಲಿ ಒಂದು ದಿನವೂ ಕೇಳಿಲ್ಲ.”

ಗುರುವಪ್ಪ ತಲೆ ತಗ್ಗಿಸಿದ. “ಅದು ಮಾವನ ಮಾತು ಟೀಚರ್. ಬಾಯಲ್ಲಿ ಹೇಳುವಾಗ ಒಂದು ಕೆಲಸ ಬಿಟ್ಟೇ ಹೇಳ್ಬೇಕು, ಅಳತೆಯನ್ನೂ ಸರಿಯಾಗಿ ಹೇಳ್ಬಾರದು. ನಿಜವಾಗಿ ಕಲಿಯುವ ಮನಸ್ಸಿದ್ದವ ಹತ್ತಿರ ಬಂದು ಕೇಳ್ತಾನೆ. ಆಗ ಅವನ ಗುಣ ನೋಡಿ ಕೈ ಹಿಡಿದು ಕಲಿಸುದು. ಕ್ರಮ ಹಾಗೆ ಉಂಟು.”

ಟೀಚರ್ ಸಾರ್ಜೆಂಟ್ ಕಡೆ ತಿರುಗಿ ಬಿಡಿಸಿ ಹೇಳಿದರು. ಕೊಂದವನು ಕಿಡಿ ಆರಿಸುವ ಒದ್ದೆಬಟ್ಟೆಯ ಕೆಲಸ ಬಿಟ್ಟಿದ್ದ, ಅಂದರೆ ಅವನು ಕಲಿತದ್ದು ಕಥೆಯಿಂದ. ಕಥೆ ನಡೆಯುತ್ತಿದ್ದುದು ಕನ್ನಡದಲ್ಲಿ, ಹಾಗಾಗಿ ಫೈಸಲ್ ಅಲ್ಲ. ಇಗರ್ಜಿಗೆ ಹೋಗುವ ಎಡ್ಮಂಡ್ ಅಲ್ಲ. ಚಪ್ಪರದ ಹುಡುಗರು ಬಸ್ಸಿಳಿದದ್ದು ಮಧ್ಯಾಹ್ನ. ಬೆಳಿಗ್ಗೆ ಇಲ್ಲೇ ಇದ್ದು, ಪ್ರತಿ ಶುಕ್ರವಾರ ಮುಂದಿನ ಸಾಲಿನಲ್ಲಿ ಕೂತು ಕಥೆ ಕೇಳಿದವನು ಒಬ್ಬನೇ. ಈದ್ ದಿನ ಅವನು ಗೇಟಿನಲ್ಲಿ ಅತಿಥಿಗಳ ಕಾರು ನಿಲ್ಲಿಸುತ್ತಿರುತ್ತಾನೆ, ಆದ್ದರಿಂದ ಈಡು ತುಂಬುವುದನ್ನು ಕಣ್ಣಾರೆ ಕಂಡಿಲ್ಲ.

“ಕಥೆಯಲ್ಲಿ ಮದ್ದಿನ ಅಳತೆ ಅಂಗೈಯ ಗುಂಡಿ. ಹರಿನಾಥ್, ನಿಮ್ಮ ಬಲಗೈ ಬಿಡಿಸಿ.”

ಹರಿನಾಥ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ನಾಸಿರ್ ಒಂದು ಹೆಜ್ಜೆ ಮುಂದಿಟ್ಟ. ಆಗ ಕೈ ತಾನಾಗಿ ಬಿಚ್ಚಿಕೊಂಡಿತು. ಅಂಗೈಯ ನಡುವೆ ಚರ್ಮ ಸುಲಿದಿತ್ತು. ಸುತ್ತ ಕರಿಚುಕ್ಕೆಗಳಿದ್ದವು.

“ಒಂದು ಸಲ ಈಡು ಹೊಡೆದು ನೋಡುವ ಅಂತ ಹೋದದ್ದು,” ಎಂದ ಹರಿನಾಥ. “ಎಲ್ಲರೂ ಗುರುವಪ್ಪಣ್ಣನ ಬಾಯಿಯನ್ನೇ ನೋಡ್ತಾ ಕೂತಿರ್ತಾರೆ. ನನಗೂ ಒಂದು ಕಥೆ ಬೇಕಿತ್ತು. ಜಿಂಕೆ ತಿನ್ನಲಿಕ್ಕೆ ಕೊಡ್ತಾನೆ ಅಂತ ಹತ್ತಿರ ಬಂತು. ಹೊಡೆದುಬಿಟ್ಟೆ. ಅದು ಕಾಲೆಳೆದುಕೊಂಡು ಓಡಿತು. ಇನ್ನೊಂದು ಈಡು ತುಂಬುವಾಗ ಕೈಯಲ್ಲೇ ಹೊತ್ತಿಕೊಂಡಿತು. ಹೆದರಿಹೋದೆ.”

ಗುರುವಪ್ಪ ಬೈಯಲಿಲ್ಲ. ತನ್ನ ತಲೆಗೆ ಕಟ್ಟಿದ್ದರ ಮಾತೂ ಎತ್ತಲಿಲ್ಲ. ಕೋವಿಯನ್ನು ಮಗುವಿನ ಹಾಗೆ ಎದೆಗೊರಗಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

“ಅದು ಸಾಯುವವರೆಗೆ ಅಲ್ಲಿ ನಿಂತಿದ್ದೆಯಾ?”

ಹರಿನಾಥ ಇಲ್ಲವೆಂದು ತಲೆಯಾಡಿಸಿದ.

“ಎರಡನೇ ಈಡು ಜಂಬಕ್ಕಲ್ಲ ಮಾರಾಯ. ನರಳುವ ಪ್ರಾಣಿಯನ್ನು ಬೇಗ ಬಿಡಿಸಲಿಕ್ಕೆ. ಅದಕ್ಕೇ ಅಷ್ಟು ಕಲಿಯುದು. ನನ್ನ ಹತ್ತಿರ ಬಂದು ಕೇಳಿದ್ದರೆ ಮೊದಲು ಅದನ್ನೇ ಹೇಳ್ತಿದ್ದೆ.” ಅಷ್ಟು ಹೇಳಿ ಅವನು ಗೋಡೆಯ ಕಡೆ ತಿರುಗಿ ಅತ್ತ. ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು.

*

ಸಂಜೆ ಅಬು ಖಾಲಿದ್ ಬಂದಾಗ ಹರಿನಾಥ ಜೀಪಿನಲ್ಲಿ ಹೋಗಿಯಾಗಿತ್ತು. ಯಜಮಾನರು ಎಲ್ಲವನ್ನೂ ಕೇಳಿದರು. ಗುರುವಪ್ಪನ ಭುಜದ ಮೇಲೆ ಕೈಯಿಟ್ಟು ಬೇಲಿಯವರೆಗೆ ನಡೆದರು. ಇಬ್ಬರೂ ಸೇರಿ ಗಝಾಲನ್ನು ಖರ್ಜೂರದ ಮರದ ಕೆಳಗೆ ಮಣ್ಣು ಮಾಡಿದರು.

ಮುಂದಿನ ಶುಕ್ರವಾರ ಚಪ್ಪರದಲ್ಲಿ ಯಾರೂ ಕಥೆ ಕೇಳುವ ಧೈರ್ಯ ಮಾಡಲಿಲ್ಲ. ಊಟವಾಯಿತು, ಚಹಾ ಆಯಿತು. ಕೊನೆಗೆ ಗುರುವಪ್ಪನೇ ಎದ್ದು ಊದುಕೊಳವೆ ಕೈಗೆತ್ತಿಕೊಂಡ. ಟೀಚರ್ ಕಡೆ ಒಮ್ಮೆ ನೋಡಿದ.

“ಈಡು ಬಿತ್ತು,” ಎಂದ. ದನಿಯಲ್ಲಿ ಹಳೆಯ ಅಬ್ಬರವಿರಲಿಲ್ಲ. “ಹೊಗೆ ಮುಚ್ಚಿತು. ಈಗ ಅವಸರ ಮಾಡ್ಬಾರದು. ಮೊದಲು ಒಂದು ಬಟ್ಟೆ ಒದ್ದೆ ಮಾಡ್ಬೇಕು.”

ಮಾವನ ಕ್ರಮ ಅಲ್ಲಿಗೆ ಮುರಿಯಿತು. ಮಕ್ಕಳು ಇನ್ನಷ್ಟು ಹತ್ತಿರ ಸರಿದು ಕೂತರು.