ಮೊದಲ ಪುಟದ ಸುಳ್ಳು

ಅವಳು ಬಂದವಳೇ ಅವನ ಕೆನ್ನೆಗೆ ಬಾರಿಸಿದಳು. ಪ್ರಚಾರ ಕಚೇರಿಯ ಕೀಬೋರ್ಡ್‌ಗಳೆಲ್ಲ ಒಮ್ಮೆಲೇ ಸುಮ್ಮನಾದವು.

"ನಿಮ್ಮನ್ನ ನಂಬಿದ್ದೆನಲ್ಲ!"

ಅವಳ ಹಣೆಯಿಂದ ರಕ್ತ ಹುಬ್ಬಿಗಿಳಿಯುತ್ತಿತ್ತು. ಈ ಕಚೇರಿಯೇ ಪ್ರಚಾರ ನೋಡಿಕೊಳ್ಳುತ್ತಿದ್ದ ಪೇಂಟ್ ಫ್ಯಾಕ್ಟರಿಯ ಬಾಯ್ಲರ್ ಸಿಡಿದು ನಾಲ್ವರು ಸತ್ತು ಎರಡು ದಿನವಾಗಿತ್ತು. ಸತ್ತ ಆಪರೇಟರನದೇ ತಪ್ಪೆಂದು ಪ್ರೆಸ್ ರಿಲೀಸ್ ಬರೆಯಲು ಬಾಸ್ ಹೇಳಿದಾಗ ಅವಳು ಒಪ್ಪಿರಲಿಲ್ಲ. ಆದರೂ ಇಂದು ಬೆಳಿಗ್ಗೆ ಅದು ಅವಳ ಹೆಸರಿನಲ್ಲೇ ಮೂವತ್ತು ವೆಬ್‌ಸೈಟ್‌ಗಳಲ್ಲಿತ್ತು. ಫ್ಯಾಕ್ಟರಿಯ ಹೆಸರು ಹುಡುಕಿದರೆ ಮೊದಲು ಸಿಗುತ್ತಿದ್ದುದೂ ಅದೇ. ಅದನ್ನೋದಿ ಆಪರೇಟರನ ತಮ್ಮ ದಾರಿಯಲ್ಲೇ ಅವಳಿಗೆ ಕಲ್ಲು ಬೀಸಿದ್ದ.

ಸರ್ಚ್‌ನಲ್ಲಿ ಸುದ್ದಿಯನ್ನು ಮೇಲೆ ತರುವುದು ಈಗ ಪೆಟ್ಟು ತಿಂದ ಇವನ ಕೆಲಸ. "ಮೇಡಂ, ಇಷ್ಟುದ್ದ ಹೆಡ್‌ಲೈನ್ ಓದೋಷ್ಟರಲ್ಲಿ ಸಂಜೆಯಾಗುತ್ತೆ" ಎಂದು ದಿನವೂ ಕಣ್ಣಲ್ಲೇ ನಗುತ್ತಿದ್ದವನು.

"ನಾನಲ್ಲ. ನನ್ನ ಪಾಸ್‌ವರ್ಡ್ ಬಳಸಿ ಬಾಸ್ ಹಾಕಿದ್ದಾರೆ." ಅವನು ಕರವಸ್ತ್ರವನ್ನು ಅವಳ ಹಣೆಗೊತ್ತಿದ. "ನೀವು ನಿಜ ಬರೀರಿ. ಮೇಲೆ ತರೋದು ನನಗೆ ಬಿಡಿ."

ಬಾಯ್ಲರ್ ಸೋರುತ್ತಿದೆಯೆಂದು ಆಪರೇಟರ್ ಮೂರು ಸಲ ಬರೆದ ದೂರುಗಳು ಫ್ಯಾಕ್ಟರಿಯಿಂದ ಬಂದ ಕಡತದಲ್ಲಿ ಸಿಕ್ಕಿ ಅವಳ ಬಳಿಯಿದ್ದವು. ಅವನ್ನೇ ಇಟ್ಟುಕೊಂಡು ಬರೆದಳು. ಜನ ಹುಡುಕುತ್ತಿದ್ದ ಮಾತನ್ನೇ ಅವನು ಶೀರ್ಷಿಕೆ ಮಾಡಿದ: 'ಬಾಯ್ಲರ್ ಸಿಡಿದದ್ದೇಕೆ?' ಪತ್ರಿಕೆಗಳು ಎತ್ತಿಕೊಂಡವು. ಮಧ್ಯಾಹ್ನದ ಹೊತ್ತಿಗೆ ಸುಳ್ಳು ಕೆಳಗೆ ಹೋಗಿತ್ತು.

ಆಗ ಫ್ಯಾಕ್ಟರಿ ಮಾಲೀಕನ ಇಬ್ಬರು ಆಳುಗಳು ಬಾಗಿಲು ಒದ್ದು ಒಳಬಂದರು.

"ಅಳಿಸೋ!"

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಊರೆಲ್ಲ ಓದಾಯ್ತಣ್ಣ" ಎಂದ ಅವನು.

ಒಬ್ಬ ಅವನ ಬಲಗೈಯನ್ನು ಮೇಜಿಗೊತ್ತಿ ಹಿಡಿದ. ಇನ್ನೊಬ್ಬ ಕಬ್ಬಿಣದ ಸರಳು ಬೀಸಿದ. ಮೂಳೆ ಲಟಕ್ಕೆಂದಿತು. ಮತ್ತೆ ಸರಳು ಎದ್ದಾಗ ಅವಳು ಕುರ್ಚಿಯನ್ನೆತ್ತಿ ಸರಳು ಹಿಡಿದವನ ಕುತ್ತಿಗೆಗೆ ಅಪ್ಪಳಿಸಿದಳು, ಅವನು ಕುಸಿದ. ಮೊದಲಿನವನು ಅವಳ ಜುಟ್ಟು ಹಿಡಿದು ಗೋಡೆಗೆ ಬಡಿದ. ಅವಳು ಅವನ ಮಣಿಕಟ್ಟನ್ನು ಬಾಯಲ್ಲಿ ರಕ್ತ ತುಂಬುವಷ್ಟು ಕಚ್ಚಿದಳು, ಬಿಡಲಿಲ್ಲ. ಅಷ್ಟರಲ್ಲಿ ಮೇಜಿನಡಿ ಅಡಗಿದ್ದ ಸಹೋದ್ಯೋಗಿಗಳೂ ಎದ್ದು ಬಂದು ಆಳುಗಳಿಬ್ಬರನ್ನೂ ಕೆಡವಿ, ಪೊಲೀಸರು ಬರುವವರೆಗೆ ಅವರ ಮೇಲೆಯೇ ಕೂತರು.

ಆಸ್ಪತ್ರೆಯಲ್ಲಿ ನರ್ಸ್ ಫಾರಂ ಹಿಡಿದು ಬಂದಳು. "ಆಪರೇಷನ್‌ಗೆ ಮನೆಯವರ ಸಹಿ ಬೇಕು. ನೀವು ಇವರಿಗೆ ಏನಾಗಬೇಕು?"

ಅವಳು ಅವನತ್ತ ನೋಡಿದಳು.

ನೋವಿಗೆ ಬಿಳಿಚಿಕೊಂಡಿದ್ದ ಅವನು ಮೆಲ್ಲಗೆ ಹೇಳಿದ. "ಅವರಿಗೆ ಇಷ್ಟ ಇದ್ರೆ... ಹೆಂಡತಿ."

"ಈ ಸ್ಥಿತೀಲಿ ಕೇಳೋ ಮಾತಾ ಇದು?"

"ಎರಡು ವರ್ಷದಿಂದ ಧೈರ್ಯ ಬಂದಿರಲಿಲ್ಲ. ಇನ್ನು ಮುರಿಯೋಕೆ ಏನು ಉಳಿದಿದೆ?"

ಅವಳ ಒಡೆದ ತುಟಿ ನಗಲು ಹೋಗಿ ಉರಿಯಿತು. ಕಣ್ಣೊರೆಸಿಕೊಂಡು ಪೆನ್ನು ಇಸಿದುಕೊಂಡಳು. ಸಂಬಂಧ ಎಂಬಲ್ಲಿ 'ಮದುವೆಯಾಗುವವಳು' ಎಂದು ಬರೆದು, ಕೆಳಗೆ ಸಹಿ ಹಾಕಿದಳು.