ಸೋರುವ ಸಂದು

ಅವನು ಹೆಬ್ಬೆರಳು ನೆಕ್ಕಿ, ಗೋಡೆಯ ಸಂದಿಗೆ ತುಂಬಿದ ಕಪ್ಪು ಸೀಲಂಟನ್ನು ಸವರಿ, ಮತ್ತೆ ಅದೇ ಬೆರಳು ನೆಕ್ಕಿದ್ದನ್ನು ನೋಡಿದ ದಿನವೇ ನನಗೆ ಅವನ ಮೇಲೆ ಮನಸ್ಸಾಯಿತು. ಹೇಳಿಕೊಳ್ಳಲೂ ಹೇಸಿಗೆ.

"ಥೂ! ಎಂಜಲು ಹಚ್ಚಿದ್ರೆ ಅದು ಕಚ್ಚಿಕೊಳ್ಳುತ್ತೇನ್ರೀ? ಕಿತ್ತು ಹಾಕಿ," ಎಂದೆ. ಆ ಕಟ್ಟಡದ ಸೋರಿಕೆ ಪರೀಕ್ಷಿಸುವ ಇನ್‌ಸ್ಪೆಕ್ಟರ್ ನಾನು.

"ಮೇಡಂ ಬೈದ್ರೆ ಅಂಟು ಬೇಗ ಒಣಗುತ್ತೆ," ಎಂದು ಹಲ್ಲು ಕಿರಿದ.

ಎಲ್ಲೋ ಎರಕ ಹೊಯ್ದ ಕಾಂಕ್ರೀಟ್ ಪ್ಯಾನೆಲ್‌ಗಳನ್ನು ತಂದು ನಿಲ್ಲಿಸಿದ ಕಟ್ಟಡವದು. ಎರಡು ಪ್ಯಾನೆಲ್‌ಗಳ ನಡುವೆ ಫೋಮ್ ತುರುಕಿ, ಮೇಲೆ ಸೀಲಂಟ್ ತುಂಬುವುದು ಅವನ ಕೆಲಸ. ಹೊರಗಿನಿಂದ ನೀರು ಹೊಡೆಸಿ, ಒಳಗೆ ನಿಂತು ಕಾಯುವುದು ನನ್ನದು. ಮೂಲೆಯ ಮಲಗುವ ಕೋಣೆಯೊಂದು ಬಿಟ್ಟು ಎಲ್ಲ ಪಾಸಾಗಿತ್ತು. ಅಲ್ಲಿ ಸರಿಮಾಡಿಸಿದಷ್ಟೂ ಸೋರುತ್ತಿತ್ತು. ಅವನನ್ನು ಕರೆಸಿದಾಗಲೆಲ್ಲ, ನಾಚಿಕೆಗೆಟ್ಟವಳ ಹಾಗೆ ಕನ್ನಡಿ ನೋಡಿಕೊಳ್ಳುತ್ತಿದ್ದೆ. ಇದೊಂದು ಪಾಸಾದರೆ ಅವನು ಬೇರೆ ಸೈಟಿಗೆ ಹೊರಡುವವನಿದ್ದ.

ಆ ಬೆಳಿಗ್ಗೆ ಗೋಡೆಯಡಿ ಬೂಸ್ಟು ಹಿಡಿದಿತ್ತು. ಒದ್ದೆ ನಾಯಿಯ ವಾಸನೆ. ಮೂಗು ಮುಚ್ಚಿಕೊಂಡು, ಅವನನ್ನೂ ಕರೆದುಕೊಂಡು ಹೊರಗಿನ ತೂಗುಹಲಗೆಗೆ ಇಳಿದು ಸಂದಿನುದ್ದಕ್ಕೂ ಬೆರಳೊತ್ತುತ್ತ ಹೋದೆ. ಪಾರಿವಾಳದ ಹಿಕ್ಕೆ ಅಂಗೈಗೆ ಮೆತ್ತಿತು. ಕೆಳತುದಿಯಲ್ಲಿ ಬೆರಳು ಪುಸಕ್ಕನೆ ಒಳಹೋಯಿತು. ಮೇಲೆ ತೆಳ್ಳಗೆ ಸವರಿದ ಸೀಲಂಟ್, ಒಳಗೆ ಖಾಲಿ. ಇಷ್ಟು ಅಚ್ಚುಕಟ್ಟಾದ ತಪ್ಪು ಮರೆವಿನಿಂದ ಆಗುವುದಿಲ್ಲ.

"ಬೇಕಂತಲೇ ಬಿಟ್ಟಿದ್ದಾ?"

ಅವನ ನಗು ಇಳಿಯಿತು. "ಪಾಸಾದ್ರೆ ನೀವು ಮತ್ತೆ ಕರೆಯಲ್ವಲ್ಲ, ಅದಕ್ಕೆ."

ನನ್ನ ಎದೆ ಹಾರಿದ್ದು ನಿಜ. ಬೆನ್ನಿಗೇ ಒಳಗಿನ ಬೂಸ್ಟು ಕಣ್ಮುಂದೆ ಬಂತು.

"ನಾಳೆ ಈ ಗೋಡೆಗೆ ತಾಗಿಸಿ ಯಾರೋ ಮಗು ಮಲಗಿಸ್ತಾರೆ. ನೀನು ನನ್ನ ಮುಖ ನೋಡೋಕೆ ಅದು ಬೂಸ್ಟು ಉಸಿರಾಡಬೇಕಾ? ನಿನ್ನ ಕಂಡ್ರೆ ಅಸಹ್ಯ ಆಗ್ತಿದೆ ನನಗೆ!" ಸಿಟ್ಟಿಗೆ ಬಹುವಚನ ಬಿದ್ದುಹೋಗಿತ್ತು.

ಅವನು ಅಲ್ಲೇ ಕುಕ್ಕರಿಸಿದ. ಚಾಕು ಹಾಕಿ ಇಡೀ ಸಂದನ್ನು ಕಿತ್ತ. ಲೋಳೆಗಟ್ಟಿದ ಫೋಮ್ ಎಳೆದು ಬಿಸಾಡಿ, ಕಾಂಕ್ರೀಟು ಉಜ್ಜಿ ಒಣಗಿಸಿ, ತುದಿಯವರೆಗೂ ಹೊಸದಾಗಿ ತುಂಬಿದ.

ಕೆಲವು ದಿನ ಬಿಟ್ಟು, ಅದು ಗಟ್ಟಿಯಾದ ಮೇಲೆ, ಒಂದು ಮಧ್ಯಾಹ್ನವಿಡೀ ನೀರು ಹೊಡೆಸಿದೆ. ಇಬ್ಬರೂ ಒಳಗೆ ಗೋಡೆ ನೋಡುತ್ತ ಕೂತೆವು. ಒಂದೇ ಒಂದು ಹನಿ ಬಂದರೆ ಸಾಕು ಎಂದು ಆಸೆಪಟ್ಟೆ. ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಗೋಡೆ ಒಣಗಿಯೇ ಇತ್ತು. ಪಾಸ್ ಎಂದೆ.

"ಹಾಗಾದ್ರೆ ನಾನಿನ್ನು ಇಲ್ಲಿಗೆ ಬರೋ ಹಾಗಿಲ್ಲ."

"ಇಲ್ಲ."

ಅವನು ಸಾಮಾನು ಚೀಲಕ್ಕೆ ತುರುಕಿ ಬಾಗಿಲವರೆಗೆ ಹೋದ. ನನಗೆ ತಡೆದುಕೊಳ್ಳಲಾಗಲಿಲ್ಲ.

"ಭಾನುವಾರ ನಮ್ಮನೆಗೆ ಬಾ. ಅಮ್ಮ ಇರ್ತಾಳೆ. ಏನಾದ್ರೂ ನೆಪ ಹೇಳಿದ್ರೆ ಬಾಗಿಲೇ ತೆಗೆಯಲ್ಲ. ಹೆಣ್ಣು ಕೇಳೋಕೆ ಬಂದಿದ್ದೀನಿ ಅಂತ ಬಾಯಿಬಿಟ್ಟು ಹೇಳು."

ಅವನು ಅಲ್ಲೇ ನಿಂತುಬಿಟ್ಟ. "ಅಸಹ್ಯ ಅಂದ್ರಲ್ಲ?"

"ಈಗಲೂ ಅಸಹ್ಯಾನೇ. ಕೈ ತೊಳ್ಕೊಂಡು ಬಾ."