ಐದು ನಲವತ್ತರ ಸುಳ್ಳು ಬಸ್ಸು

ಎರಡು ವರ್ಷ, ದಿನಾ ಬೆಳಗ್ಗೆ ಎಂಟರಿಂದ ಹತ್ತರವರೆಗೆ ಅವಳ ಕಿವಿಯೊಳಗೇ ವಾಸವಾಗಿದ್ದ ಗಂಡಸು ಈಗ ಅವಳಿಗಿಂತ ಆರಡಿ ಮುಂದೆ, ನೆಲದ ಮೇಲೆ ಬಳಿದ ಹಳದಿ ವೃತ್ತದೊಳಗೆ ನಿಂತಿದ್ದ.

ಅವನೇ ಎಂದು ಗೊತ್ತಾಗಿದ್ದು ಮುಖದಿಂದಲ್ಲ. ಆ ಮುಖವನ್ನು ಅವಳು ನೋಡಿಯೇ ಇರಲಿಲ್ಲ. ಈಗಲೂ ಅದರ ಮುಕ್ಕಾಲು ಪಾಲು ನೀಲಿ ಮಾಸ್ಕಿನ ಹಿಂದೆ ಅಡಗಿತ್ತು.

ಬಾಗಿಲ ಕಾವಲುಗಾರ ಪಿಸ್ತೂಲಿನಂಥ ಥರ್ಮಾಮೀಟರನ್ನು ಅವನ ಹಣೆಗೆ ಹಿಡಿದು, ಕಣ್ಣು ಕಿರಿದು ಮಾಡಿ, “ಕನ್ನಡಕ ಮನೇಲೇ ಬಿಟ್ಟು ಬಂದೆ. ಎಷ್ಟು ತೋರಿಸ್ತಿದೆ, ನೀವೇ ಓದಿಬಿಡಿ ಸಾರ್,” ಅಂದ.

“ಮೂವತ್ತಾರು... ನಾಲ್ಕು.”

ಅಷ್ಟೇ. ನಡುವೆ ಒಂದು ಉಸಿರಿನಷ್ಟು ಬಿಡುವು. ಕೊನೆಯ ಅಂಕಿಯನ್ನು ತುಂಬಿದ ಲೋಟ ಕೆಳಗಿಟ್ಟ ಹಾಗೆ ಮೆಲ್ಲಗೆ ಇಳಿಸುವ ಆ ರೀತಿ...

ಅಯ್ಯೋ, ಇವರೇ!

ಹಳದಿ ವೃತ್ತ, ಆರಡಿ ಅಂತರ ಎಲ್ಲ ಮರೆತು ಅವಳು ಮುಂದೆ ಬಂದುಬಿಟ್ಟಳು. “ನಮಸ್ಕಾರ! ನಾನು... ನಾನು ಕಿವಿ!”

ಅವನು ತಿರುಗಿದ. ಮಾಸ್ಕಿನ ಮೇಲಿನ ಆ ಎರಡು ಕಣ್ಣು ಒಂದು ಕ್ಷಣ ದೀಪ ಹಚ್ಚಿದಂತೆ ಬೆಳಗಿದವು. ಮರುಕ್ಷಣ ಯಾರೋ ಊದಿ ಆರಿಸಿದಂತೆ ಕೆಳಗಿಳಿದವು.

“ಹೌದಾ? ನಮ್ಮ ಶಾಖೆ ಎರಡನೇ ಮಹಡಿ, ಬಲಗಡೆ,” ಅಂದ. ದಾರಿ ಕೇಳಿದ ಅಪರಿಚಿತರಿಗೆ ಹೇಳುವ ಹಾಗೆ.

ಮೆಟ್ಟಿಲು ಹತ್ತಿ ಹೊರಟೇಹೋದ.

“ನೀವು ವೃತ್ತದೊಳಗೆ ನಿಂತ್ಕೊಳ್ಳಿ ಮೇಡಂ,” ಅಂದ ಕಾವಲುಗಾರ.

*

ಅದು ನಗರ ಬಸ್ಸುಗಳ ವೇಳಾಪಟ್ಟಿ ಶಾಖೆ. ಯಾವ ನಂಬರಿನ ಬಸ್ಸು, ಎಲ್ಲಿಂದ, ಎಷ್ಟು ಗಂಟೆಗೆ ಹೊರಡುತ್ತದೆ ಎಂಬುದನ್ನೆಲ್ಲ ಅಚ್ಚಿಗೆ ಕಳಿಸುವ ಮೊದಲು ಇಬ್ಬರು ಕೂತು ಸರಿನೋಡಬೇಕು. ಒಬ್ಬರು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಾರೆ. ಇನ್ನೊಬ್ಬರು ಅಚ್ಚಿನ ಕರಡಿನ ಮೇಲೆ ಬೆರಳಿಟ್ಟು, ಕೇಳಿದ್ದಕ್ಕೂ ಕಂಡದ್ದಕ್ಕೂ ತಾಳೆ ನೋಡುತ್ತಾರೆ. ಓದುವವರಿಗೆ ಶಾಖೆಯಲ್ಲಿ ‘ಬಾಯಿ’ ಅಂತ ಹೆಸರು. ಕೇಳುವವರು ‘ಕಿವಿ’.

ಅಂಕಿಗಳನ್ನು ಗಂಟೆಗಟ್ಟಲೆ ಕೇಳಿದರೆ ಎಂಥ ಕಿವಿಗೂ ಜೋಂಪು ಹತ್ತುತ್ತದೆ. ಅದಕ್ಕೇ ಅಲ್ಲೊಂದು ಹಳೇ ಪದ್ಧತಿ. ಬಾಯಿ ಎಲ್ಲಾದರೂ ಒಂದು ಕಡೆ, ಪಟ್ಟಿಯಲ್ಲೇ ಇಲ್ಲದ ಬಸ್ಸೊಂದನ್ನು ಸದ್ದಿಲ್ಲದೆ ತೂರಿಸಬೇಕು. ಸುಳ್ಳು ಬಸ್ಸು! ಕಿವಿ ಎಚ್ಚರವಾಗಿದ್ದರೆ ತಕ್ಷಣ ಮೇಜು ಕುಟ್ಟಿ, “ಇಲ್ಲ, ಮುಂದೆ” ಅನ್ನಬೇಕು. ಅನ್ನದಿದ್ದರೆ ಇಡೀ ಶಾಖೆಗೆ ಅವತ್ತು ಕಿವಿಯದೇ ಚಹಾ.

ಅವಳು ಈ ಶಾಖೆಗೆ ವರ್ಗವಾಗಿ ಬಂದ ವಾರವೇ ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಬಸ್ಸುಗಳು ಅರ್ಧಕ್ಕರ್ಧ ನಿಂತವು. ಇದ್ದಷ್ಟರ ಸಮಯವೂ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಓದುವ ಕೆಲಸ ಫೋನಿಗೆ ಬಂತು. ಆ ಕಡೆ ಬಾಯಿ, ಈ ಕಡೆ ಕಿವಿ. ಇಬ್ಬರ ಕಣ್ಣೂ ಕಾಗದದ ಮೇಲಿರಬೇಕಾದ ಕೆಲಸಕ್ಕೆ ವಿಡಿಯೋ ಯಾಕೆ?

ಮೊದಲ ತಿಂಗಳು ಅವನ ಸುಳ್ಳು ಬಸ್ಸುಗಳೂ ಬಿಗುವಾಗೇ ಇದ್ದವು. ಆಮೇಲಾಮೇಲೆ ಅವಕ್ಕೆ ರೆಕ್ಕೆ ಬಂತು.

“ಏಳು ಐವತ್ತು, ನಿಮ್ಮ ಅಡುಗೆಮನೆ ಕಿಟಕಿಯಿಂದ ಸಮುದ್ರಕ್ಕೆ.”

ಟಪ್! “ಇಲ್ಲ, ಮುಂದೆ.”

ಅವಳ ಅಪ್ಪ ಹದಿನಾಲ್ಕು ದಿನ ಆಸ್ಪತ್ರೆಯಲ್ಲಿದ್ದಾಗ, ಶಾಖೆಯವರಿಂದ ಸುದ್ದಿ ತಿಳಿದು ಅವನು, “ಒಂಬತ್ತು ಹತ್ತು, ಆಸ್ಪತ್ರೆಯಿಂದ ಮನೆಗೆ. ಅಪ್ಪನಿಗೆ ಕಿಟಕಿ ಪಕ್ಕದ ಸೀಟು,” ಅಂತ ದಿನಾ ಓದಿದ್ದ. ದಿನಾ ಅವಳು ಕಣ್ಣೊರೆಸಿಕೊಂಡು ಮೇಜು ಕುಟ್ಟಿದ್ದಳು. ಹದಿನೈದನೇ ದಿನ ಅಪ್ಪ ನಿಜಕ್ಕೂ ಮನೆಗೆ ಬಂದರು, ಕಿಟಕಿ ಪಕ್ಕ ಕೂತೇ!

ಕೆಲಸ ಬಿಟ್ಟು ಬೇರೆ ಮಾತು ಇಬ್ಬರೂ ಆಡಿದ್ದೇ ಇಲ್ಲ. ಆಡುವ ಮಾತೆಲ್ಲ ಇಲ್ಲದ ಬಸ್ಸು ಹತ್ತಿ ಬರುತ್ತಿತ್ತು. ಅಂಥವನು ಇವತ್ತು, ಎಲ್ಲರೂ ಆಫೀಸಿಗೆ ಮರಳಿದ ಮೊದಲ ಸೋಮವಾರವೇ, ‘ಎರಡನೇ ಮಹಡಿ, ಬಲಗಡೆ’ ಅಂದುಬಿಟ್ಟನಲ್ಲ!

ಮೇಲೆ ಹೋದರೆ ಇನ್ನೊಂದು ಪೆಟ್ಟು ಕಾದಿತ್ತು. ಗೋಡೆಯ ಹಲಗೆಯ ಮೇಲೆ ಹೊಸ ಜೋಡಿಗಳ ಪಟ್ಟಿ. ಅವಳ ಎದುರಿಗೆ ಬೇರೆ ಬಾಯಿ.

ಶಾಖೆಯ ಮುಖ್ಯಸ್ಥೆಗೆ ಎಲ್ಲರೂ ಕರೆಯುವುದು ‘ದೊಡ್ಡಮೇಡಂ’ ಅಂತ. ಅವರು ಮೂಗಿನ ತುದಿಯ ಕನ್ನಡಕದ ಮೇಲಿಂದ ಇವಳನ್ನು ನೋಡಿದರು.

“ಅವನೇ ಬರೆದುಕೊಟ್ಟಿದ್ದಾನಮ್ಮ, ಹತ್ತು ದಿನದ ಹಿಂದೇನೇ. ಜೋಡಿ ಬದಲಾಯಿಸಿ, ಆಮೇಲೆ ನದಿಯಾಚೆ ಡಿಪೋಗೆ ಹಾಕಿಬಿಡಿ ಅಂತ. ಶುಕ್ರವಾರ ದೊಡ್ಡ ಓದು, ಇಡೀ ಪಟ್ಟಿ ಎಲ್ಲರೂ ಒಟ್ಟಿಗೆ ಕೂತು. ಬರೋ ಸೋಮವಾರದಿಂದ ಎಲ್ಲಾ ಬಸ್ಸೂ ರಸ್ತೆಗಿಳಿಯುತ್ತೆ. ಓದು ಮುಗಿದ ಮೇಲೆ ಅವನ ಕಾಗದಕ್ಕೆ ಸಹಿ ಹಾಕ್ತೀನಿ.”

ಶುಕ್ರವಾರ... ಅಂದರೆ ಇನ್ನು ನಾಲ್ಕೇ ದಿನ.

ಅವಳ ಹೊಸ ಬಾಯಿ, ಎಲ್ಲರ ‘ಕೆಮ್ಮಣ್ಣ’, ಎದುರು ಕೂತು ಪಟ್ಟಿ ಬಿಡಿಸಿದ. ಪ್ರತಿ ಸಾಲಿಗೂ ಮುಂಚೆ ಗಂಟಲು ಸರಿ ಮಾಡಿಕೊಳ್ಳುವುದು ಅವನ ಹುಟ್ಟುಗುಣ. ಈ ಕಾಲದಲ್ಲಿ ಅವನೊಮ್ಮೆ “ಖೊಕ್” ಅಂದರೆ ಅಕ್ಕಪಕ್ಕದ ನಾಲ್ಕು ಕುರ್ಚಿ ಹಿಂದಕ್ಕೆ ಸರಿಯುತ್ತಿದ್ದವು.

“ಹೆದರಬೇಡಮ್ಮ, ಇದು ಹಳೇದು. ರೋಗಕ್ಕಿಂತ ಸೀನಿಯರ್ರು,” ಅಂದ.

ನಗಬೇಕಿತ್ತು. ಅವಳಿಗೆ ಅಳು ಬಂತು.

*

ಬುಧವಾರ ನೀರಿನ ಯಂತ್ರದ ಹತ್ತಿರ ಅವನು ಒಬ್ಬನೇ ಸಿಕ್ಕಿದ. ಅವಳು ದಾರಿಗೆ ಅಡ್ಡ ನಿಂತಳು.

“ನಾನೇನು ತಪ್ಪು ಮಾಡಿದೆ?”

“ನೀವಾ?” ಅವನು ಲೋಟದೊಳಗೆ ನೋಡಿದ. “ಎರಡು ವರ್ಷದಲ್ಲಿ ನನ್ನ ಒಂದೇ ಒಂದು ಸುಳ್ಳು ಬಸ್ಸೂ ನಿಮ್ಮ ಕಿವಿ ತಪ್ಪಿಸಿಕೊಂಡು ಹೋಗಿಲ್ಲ. ನಿಮ್ಮಂಥ ಕಿವಿ ಈ ಶಾಖೆಗೇ ಇಲ್ಲ.”

“ಮತ್ಯಾಕೆ...?”

“ಕೇಳಬೇಕಾದ್ದು ಕೇಳಿದೆ. ಉತ್ತರಾನೂ ಸಿಕ್ತು. ಇನ್ನೂ ಎದುರಿಗೇ ಕೂತು ಓದ್ತಾ ಇದ್ರೆ ನಿಮಗೂ ಕಿರಿಕಿರಿ ಅಲ್ವಾ?”

ಯಾವ ಪ್ರಶ್ನೆ? ಯಾವ ಉತ್ತರ? ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಲೋಟ ಅಲ್ಲೇ ಇಟ್ಟು ಹೋಗಿಯಾಗಿತ್ತು.

ನೀರು ಕುಡಿದೇ ಇರಲಿಲ್ಲ ಆ ಮನುಷ್ಯ.

*

ಗುರುವಾರ ಸಂಜೆ ಅಮ್ಮ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದರು. ಎರಡು ವರ್ಷ ಅದೇ ಮೇಜಿನ ಒಂದು ತುದಿಯಲ್ಲಿ ತರಕಾರಿ, ಇನ್ನೊಂದು ತುದಿಯಲ್ಲಿ ಬಸ್ಸು. ಫೋನಿನ ಸ್ಪೀಕರ್ ಹಾಕಿಯೇ ಓದು ನಡೆಯುತ್ತಿದ್ದದ್ದರಿಂದ ನಗರದ ಅರ್ಧ ವೇಳಾಪಟ್ಟಿ ಅಮ್ಮನಿಗೂ ಬಾಯಿಪಾಠ.

“ಏನೇ, ಮುಖ ಹೀಗೆ ಊದಿಸ್ಕೊಂಡಿದ್ದೀಯ? ಆ ಹುಡುಗ ಈಗ ಎದುರಿಗೇ ಕೂತು ಓದ್ತಾನಾ?”

“ಇಲ್ಲಮ್ಮ. ಬೇರೆ ಡಿಪೋಗೆ ಹೋಗ್ತಾರಂತೆ. ನಾನು ಅಂದ್ರೆ ಆಗಲ್ಲ ಅವರಿಗೆ.”

ಅಮ್ಮನ ಕೈ ನಿಂತಿತು. “ನೀನಂದ್ರೆ ಅವನಿಗೆ ಆಗಲ್ವಾ? ಬೇಡ ಅಂದವಳು ನೀನಲ್ವೇನೆ?”

“ನಾನಾ? ಯಾವಾಗ?”

“ಅವತ್ತು, ನೀವು ಫೋನಲ್ಲಿ ಓದಿದ ಕೊನೇ ಶನಿವಾರ. ನಾನಿಲ್ಲೇ ಈರುಳ್ಳಿ ಹೆಚ್ತಾ ಇದ್ದೆ. ಅವನು ಓದಿದ: ‘ಸಂಜೆ ಐದು ನಲವತ್ತು, ಆಫೀಸಿನ ಗೇಟಿನಿಂದ. ಎಲ್ಲಿಗೆ ಅಂತ ಬೋರ್ಡಿಲ್ಲ. ಎರಡೇ ಸೀಟು. ಒಂದರಲ್ಲಿ ನಾನು ಕೂತಿದ್ದೀನಿ. ಇನ್ನೊಂದನ್ನ ಎರಡು ವರ್ಷದಿಂದ ಖಾಲಿ ಇಟ್ಟಿದ್ದೀನಿ.’ ನನ್ನ ಕೈಲಿದ್ದ ಈರುಳ್ಳಿ ಕೆಳಗೆ ಬಿತ್ತು! ನೀನು ಟಪ್ ಅಂತ ಮೇಜು ಕುಟ್ಟಿ, ‘ಇಲ್ಲ, ಮುಂದೆ’ ಅಂದೆ. ಒಂದು ಉಸಿರೂ ತಗೊಳ್ಳಲಿಲ್ಲ.”

ಅವಳು ಕುರ್ಚಿ ಎಳೆದು ಅಮ್ಮನ ಎದುರು ಕೂತಳು.

ಆ ಶನಿವಾರ... ಕೊನೆಯ ಹಾಳೆ. ಬೆರಳು ಕರಡಿನ ಮೇಲೆ ಓಡುತ್ತಿತ್ತು. ಮನಸ್ಸು ಮಾತ್ರ ‘ಇನ್ನು ಹದಿನಾರು ದಿನಕ್ಕೆ ಇವರನ್ನ ಕಣ್ಣಾರೆ ನೋಡ್ತೀನಿ’ ಅಂತ ಕುಣಿಯುತ್ತಿತ್ತು. ಕರಡಿನಲ್ಲಿ ಆ ಸಾಲು ಇರಲಿಲ್ಲ. ಕೈ ತಾನಾಗೇ ಕುಟ್ಟಿತು. ಬಾಯಿ ತಾನಾಗೇ ಅಂದಿತು...

ಅಯ್ಯೋ ದೇವರೇ! ಅವರು ನನ್ನನ್ನ ಕೇಳಿದ್ದರು. ನಾನು ಪಟ್ಟಿ ನೋಡಿ ಉತ್ತರ ಹೇಳಿದೆ!

“ಅಮ್ಮಾ! ಅವತ್ತೇ ಯಾಕೆ ಹೇಳಲಿಲ್ಲ ನೀನು?”

“ನಾನೇನು ಕಂಡೆ? ಕೇಳಿಸ್ಕೊಂಡೇ ಬೇಡ ಅಂದಳು ಅಂದ್ಕೊಂಡೆ. ಭಾರೀ ಕಿವಿ, ಶಾಖೆಗೇ ಮೊದಲನೇ ಕಿವಿ ಅಂತ ನೀನೇ ಜಂಭ ಕೊಚ್ಕೊಳ್ತಿದ್ದೆಯಲ್ಲ!”

ಅವಳು ಅತ್ತಳು, ನಕ್ಕಳು, ಮತ್ತೆ ಅತ್ತಳು. ಫೋನ್ ಎತ್ತಿಕೊಂಡಳು. ಇಟ್ಟಳು.

ಬೇಡ. ಅವರು ಓದಿ ಕೇಳಿದ್ದಾರೆ. ನಾನೂ ಓದಿಯೇ ಹೇಳಬೇಕು.

ಅವಳು ಕರೆ ಮಾಡಿದ್ದು ಕೆಮ್ಮಣ್ಣನಿಗೆ.

“ಅಣ್ಣಾ, ನಾಳೆ ನಿಮ್ಮ ಗಂಟಲು ಕೆಡಬೇಕು.”

“ಅಷ್ಟೇನಾ? ಅದು ಹುಟ್ಟಿದಾಗಿಂದ ಕೆಟ್ಟೇ ಇದೆಯಲ್ಲಮ್ಮ. ಎಷ್ಟು ಗಂಟೆಗೆ ಕೆಡಬೇಕು ಅದನ್ನ ಹೇಳು!”

*

ಶುಕ್ರವಾರ. ದೊಡ್ಡ ಓದು.

ಸಭಾಂಗಣದ ಕಿಟಕಿಗಳೆಲ್ಲ ತೆರೆದಿದ್ದವು. ಕೆಳಗೆ ಅಂಗಳದಲ್ಲಿ ಎರಡು ವರ್ಷ ನಿದ್ದೆ ಹೊಡೆದ ಬಸ್ಸುಗಳ ಬ್ಯಾಟರಿ ಬದಲಾಯಿಸುತ್ತಿದ್ದರು. ಆಗಾಗ ಒಂದೊಂದು ಇಂಜಿನ್ ಗೊರಗೊರ ಅಂದು, ಸೋತು, ಮತ್ತೆ ಸುಮ್ಮನಾಗುತ್ತಿತ್ತು.

ಮಧ್ಯಾಹ್ನ ಮೂರೂವರೆಗೆ ಸರಿಯಾಗಿ, ಹಾಳೆಗಳ ಕೊನೆಯ ಕಟ್ಟಿಗೆ ಬಂದಾಗ, ಕೆಮ್ಮಣ್ಣ ಎದ್ದು ನಿಂತು ಎದೆ ಹಿಡಿದುಕೊಂಡು “ಖೊಕ್! ಖೊಕ್! ಖೊಕ್!” ಅಂದ. ಇಡೀ ಸಭಾಂಗಣ ಗೋಡೆಗೆ ಅಂಟಿಕೊಂಡಿತು.

“ಸಾಕು ಮಾರಾಯ, ಕೂತ್ಕೋ!” ದೊಡ್ಡಮೇಡಂ ಮಾಸ್ಕು ಬಿಗಿ ಮಾಡಿಕೊಂಡರು. “ಈಗ ಇದನ್ನ ಯಾರು ಓದ್ತೀರಿ?”

“ನಾನು ಓದ್ತೀನಿ ಮೇಡಂ.”

ಎಲ್ಲರೂ ಅವಳ ಕಡೆ ತಿರುಗಿದರು. ಆ ಶಾಖೆಯಲ್ಲಿ ಕಿವಿಯೊಂದು ಬಾಯಿಯಾದದ್ದನ್ನು ಯಾರೂ ಕಂಡಿರಲಿಲ್ಲ.

“ಹಾಗಾದ್ರೆ ಕಿವಿ ಯಾರು?”

ಅವಳು ಬೆರಳು ತೋರಿಸಿದಳು. ಮೂಲೆಯಲ್ಲಿ ಕೂತಿದ್ದ ಅವನಿಗೆ ಬೇರೆ ದಾರಿ ಇರಲಿಲ್ಲ. ಎದ್ದು ಬಂದು ಅವಳ ಎದುರು ಕೂತು, ತಲೆ ಬಗ್ಗಿಸಿ, ಕರಡಿನ ಮೇಲೆ ಬೆರಳಿಟ್ಟ.

ಅವಳು ಓದತೊಡಗಿದಳು. ಮೊದಲೆರಡು ಸಾಲು ಅವಸರವಾಯಿತು. ಆಮೇಲೆ ಅವನಿಂದಲೇ ಕಲಿತ ಆ ಬಿಡುವು, ಕೊನೆಯ ಅಂಕಿಯನ್ನು ಮೆಲ್ಲಗೆ ಇಳಿಸುವ ಆ ರೀತಿ ತಾನಾಗೇ ಬಂತು. ಎರಡು ವರ್ಷ ಒಳಗೆ ತುಂಬಿಕೊಂಡದ್ದು ಈಗ ಹೊರಗೆ ಹರಿಯುತ್ತಿತ್ತು. ಅವನ ಬೆರಳು ಸಾಲು ಸಾಲಾಗಿ ಇಳಿಯಿತು.

“ಐದು ಇಪ್ಪತ್ತು, ರೈಲು ನಿಲ್ದಾಣದಿಂದ ಆಸ್ಪತ್ರೆಗೆ. ಐದು ಮೂವತ್ತು, ಮಾರುಕಟ್ಟೆಯಿಂದ ಹಳೇ ಸೇತುವೆಗೆ.”

ಒಂದು ಉಸಿರು.

“ಐದು ನಲವತ್ತು... ಆಫೀಸಿನ ಗೇಟಿನಿಂದ. ಎಲ್ಲಿಗೆ ಅಂತ ಬೋರ್ಡಿಲ್ಲ.”

ಅವನ ಬೆರಳು ನಿಂತಿತು.

“ಎರಡೇ ಸೀಟು. ಹಿಂದಿನ ಪ್ರಕಟಣೆಯಲ್ಲಿ ಈ ಬಸ್ಸು ಇಲ್ಲ ಅಂತ ತಪ್ಪಾಗಿ ಹೇಳಲಾಗಿತ್ತು. ಕಿವಿ ಕೇಳಿಸಿಕೊಂಡಿತ್ತು. ಮನಸ್ಸಿಗೆ ತಲುಪಿಸಿರಲಿಲ್ಲ. ತಪ್ಪು ಕಿವಿಯದು. ಈಗ... ಎರಡೂ ಸೀಟು ಭರ್ತಿ.”

ಸಭಾಂಗಣದ ಎಲ್ಲರ ಕಣ್ಣೂ ಅವನ ಕೈಯ ಮೇಲೆ.

ಕುಟ್ಟಬೇಕು. ಪದ್ಧತಿ ಪ್ರಕಾರ ಅವನು ಈಗ ಮೇಜು ಕುಟ್ಟಬೇಕು. ಅವಳೂ ಆ ಕೈಯನ್ನೇ ನೋಡಿದಳು.

ಒಂದು ಕ್ಷಣ. ಎರಡು. ಮೂರು...

ಕೈ ಮೇಲೇಳಲಿಲ್ಲ.

“ಏನಪ್ಪಾ, ಕಿವಿ ನಿದ್ದೆ ಮಾಡ್ತಿದೆಯಾ?” ದೊಡ್ಡಮೇಡಂ ಕನ್ನಡಕ ಸರಿಪಡಿಸಿಕೊಂಡರು. “ಅಂಥ ಬಸ್ಸೇ ಇಲ್ಲವಲ್ಲ!”

ಅವನು ತಲೆಯೆತ್ತಿದ. ಸೋಮವಾರ ಬೆಳಗ್ಗೆ ಒಂದೇ ಕ್ಷಣ ಕಂಡಿದ್ದ ಆ ಬೆಳಕು ಕಣ್ಣಿಗೆ ವಾಪಸ್ಸು ಬಂದಿತ್ತು. ಈ ಸಲ ಆರಲಿಲ್ಲ.

“ಇದೆ ಮೇಡಂ,” ಅಂದ. “ಆ ಬಸ್ಸು... ಇದೆ.”

“ಕಿವಿ ಕುಟ್ಟಲಿಲ್ಲ!” ಕೆಮ್ಮಣ್ಣ ಒಂದು ಕೆಮ್ಮೂ ಇಲ್ಲದ ಶುದ್ಧ ಗಂಟಲಿನಲ್ಲಿ ಕೂಗಿದ. “ಸುಳ್ಳು ಬಸ್ಸು ತಪ್ಪಿಸಿಕೊಂಡಿತು! ಶಾಖೆಗೆಲ್ಲಾ ಚಹಾ!”

ಚಪ್ಪಾಳೆ, ನಗು, ಮೇಜುಗಳ ಮೇಲೆ ಟಪಟಪ! ಅಷ್ಟರಲ್ಲಿ ಕೆಳಗೆ ಒಂದು ಇಂಜಿನ್ ಗೊರಗುಟ್ಟಿ, ಹಟ ಹಿಡಿದು, ಕೊನೆಗೂ ಹೊತ್ತಿಕೊಂಡಿತು. ಅದರ ಹಿಂದೆ ಇನ್ನೊಂದು. ಮತ್ತೊಂದು. ಚಾಲಕರು ಖುಷಿಗೆ ಹಾರ್ನ್ ಬಾರಿಸತೊಡಗಿದರು. ಎರಡು ವರ್ಷ ಉಸಿರು ಹಿಡಿದಿದ್ದ ಅಂಗಳ ಒಮ್ಮೆಗೇ ಬೊಬ್ಬೆ ಹಾಕಿದ ಹಾಗಾಯಿತು.

ಆ ಗದ್ದಲದಲ್ಲೇ ಅವನು ಮೇಜಿನ ಮುಂದೆ ಹೋಗಿ ತಡವರಿಸಿದ. “ಮೇಡಂ... ನನ್ನ ಆ ಅರ್ಜಿ...”

“ಯಾವ ಅರ್ಜಿ? ಓ, ಅದಾ!” ದೊಡ್ಡಮೇಡಂ ಕಾಗದವನ್ನು ಎರಡು ಚೂರು ಮಾಡಿ ಬುಟ್ಟಿಗೆ ಹಾಕಿದರು. “ಅದನ್ನ ಓದಿದ ದಿನವೇ ಸುಳ್ಳು ಬಸ್ಸು ಅಂತ ಗೊತ್ತಾಗಿತ್ತು ನನಗೆ. ನಾನೂ ಹದಿನೆಂಟು ವರ್ಷ ಕಿವಿಯಾಗಿದ್ದವಳೇ. ಈಗ ಇಬ್ಬರೂ ಕೂತು ಉಳಿದ ಹಾಳೆ ಮುಗಿಸಿ. ಒಂದು ಅಂಕಿ ಆಚೀಚೆ ಆದ್ರೂ ಇಬ್ಬರನ್ನೂ ನದಿಯಾಚೆಗೆ ಕಳಿಸ್ತೀನಿ.”

ಒಂದೂ ಅಂಕಿ ಆಚೀಚೆ ಆಗಲಿಲ್ಲ.

*

ಅವಳು ಗೇಟಿಗೆ ಬಂದಾಗ ಅವನಾಗಲೇ ಅಲ್ಲಿದ್ದ. ಸುತ್ತ ಯಾರೂ ಇರಲಿಲ್ಲ, ಬಯಲು ಗಾಳಿ ಇತ್ತು. ಅವನು ಮಾಸ್ಕು ಕೆಳಗಿಳಿಸಿದ.

ಅವಳು ನೋಡಿದಳು. ತುಂಬಾ ಹೊತ್ತು ನೋಡಿದಳು. ಎರಡು ವರ್ಷ ಕೇಳಿದ ದನಿಯ ಬಾಯಿ ಇದು. ಎಡಗಡೆಯ ಹಲ್ಲೊಂದು ತುಸು ಓರೆ. ಆಸ್ಪತ್ರೆಯಿಂದ ಮನೆಗೆ ಬಸ್ಸು ಓದಿದ ಬಾಯಿ!

“ಯಾಕೆ, ಅಂದ್ಕೊಂಡ ಹಾಗಿಲ್ವಾ?” ಅವನಿಗೆ ಅಳುಕು.

“ದನಿಯಷ್ಟು ಚೆನ್ನಾಗಿಲ್ಲ,” ಅಂದಳು. “ಪರವಾಗಿಲ್ಲ, ನಡೆಯುತ್ತೆ.”

ಅವನು ಗಟ್ಟಿಯಾಗಿ ನಕ್ಕ. ಆಮೇಲೆ ಕೈಗಡಿಯಾರ ನೋಡಿಕೊಂಡು, ಅದೇ ದನಿಯಲ್ಲಿ, ನಡುವೆ ಅದೇ ಒಂದು ಉಸಿರಿನ ಬಿಡುವು ಕೊಟ್ಟು ಓದಿದ:

“ಐದು ನಲವತ್ತರ ಬಸ್ಸು... ಇಪ್ಪತ್ತು ದಿನ, ಎರಡು ನಿಮಿಷ ಲೇಟು.”

“ಪ್ರಯಾಣಿಕರಿಗೆ ಆದ ತೊಂದರೆಗೆ ಕಿವಿ ವಿಷಾದಿಸುತ್ತದೆ.” ಅವಳ ಕಣ್ಣು ತುಂಬಿತ್ತು.

“ಅವತ್ತು ಮೇಜು ಕುಟ್ಟಿದ್ದು ಯಾವ ಬೆರಳು?”

ಅವಳು ತೋರುಬೆರಳು ಚಾಚಿದಳು. ಅವನು ಅದನ್ನು ಮೆಲ್ಲಗೆ ಹಿಡಿದುಕೊಂಡ. ಆಮೇಲೆ ಉಳಿದ ನಾಲ್ಕನ್ನೂ.

“ಎಲ್ಲಿಗೆ ಹೋಗೋಣ? ಬೋರ್ಡಿಲ್ಲದ ಬಸ್ಸು ನಮ್ಮದು.”

“ನಮ್ಮ ಮನೆಗೆ. ಇಪ್ಪತ್ತು ದಿನದ ಹಿಂದೆ ನಿಮ್ಮ ದೆಸೆಯಿಂದ ಅಮ್ಮನ ಕೈಲಿದ್ದ ಈರುಳ್ಳಿ ಕೆಳಗೆ ಬಿತ್ತು, ಅದರ ಲೆಕ್ಕ ಕೊಡಬೇಕು.”

“ಏನು? ಈರುಳ್ಳೀನಾ?”

“ದಾರೀಲಿ ಹೇಳ್ತೀನಿ.” ಅವಳು ಅವನ ಕೈ ಎಳೆದಳು. “ನಡೀರಿ, ಮುಂದೆ!”